ಹುಡುಕಿದ ಪುಟದಲ್ಲಿ ಮಾತಾಡುವವರು ಯಾರು?



2021ರ ಜೂನ್ 3ನೇ ತಾರೀಖು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕೋವಿಡ್‌ನ ಎರಡನೇ ಅಲೆಯ ಕಾಲ, ಲಾಕ್‌ಡೌನ್, ಎಲ್ಲರೂ ಮನೆಯೊಳಗೆ. ಆ ದಿನ ಮೊಬೈಲಿನಿಂದ ಮೊಬೈಲಿಗೆ ಒಂದು ಚಿತ್ರ ಹರಿದಾಡಿತು. ಭಾರತದ ಅತಿ ಕುರೂಪದ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಗೂಗಲ್‌ಗೆ ಕೇಳಿದರೆ, ಪುಟದ ನೆತ್ತಿಯ ಮೇಲೆ ಚೌಕದೊಳಗೆ, ದಪ್ಪ ಅಕ್ಷರದಲ್ಲಿ ‘ಕನ್ನಡ’ ಎಂಬ ಉತ್ತರ ಬರುತ್ತಿತ್ತು. ನಾಡು ಕೆರಳಿತು. ಪಕ್ಷಭೇದವಿಲ್ಲದೆ ರಾಜಕೀಯ ನಾಯಕರು ಖಂಡಿಸಿದರು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಗೂಗಲ್‌ಗೆ ನೋಟಿಸ್ ಕೊಡುವುದಾಗಿ ಹೇಳಿದರು. ಗೂಗಲ್ ಆ ಉತ್ತರವನ್ನು ತೆಗೆದುಹಾಕಿತು, ಅದು ತನ್ನ ಅಭಿಪ್ರಾಯವಲ್ಲವೆಂದು ಹೇಳಿ ಕ್ಷಮೆ ಕೇಳಿತು.

ಕ್ಷಮೆ ಕೇಳಿದ್ದು ಸರಿಯೇ. ಆದರೆ ಅಂದು ನಾವು ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಗದ್ದಲದಲ್ಲಿ ಕಳೆದುಹೋಯಿತು. ಆ ಚೌಕದೊಳಗೆ ಮಾತಾಡಿದವರು ಯಾರು? ಗೂಗಲ್ ಸಂಸ್ಥೆಯಲ್ಲಿ ಕುಳಿತ ಯಾರೋ ಒಬ್ಬರು ಕನ್ನಡದ ಮೇಲೆ ತೀರ್ಪು ಬರೆದಿರಲಿಲ್ಲ. ಸಾಲದ ವ್ಯವಹಾರದ ಹೆಸರಿಟ್ಟುಕೊಂಡ, ಭಾಷೆಗೂ ಸಾಹಿತ್ಯಕ್ಕೂ ಸಂಬಂಧವೇ ಇಲ್ಲದ ಯಾವುದೋ ಜಾಲತಾಣದ ಒಂದು ಸಾಲನ್ನು ಯಂತ್ರ ಕಿತ್ತು ತಂದು ಮೇಲಿಟ್ಟಿತ್ತು. ಅದು ಹಾಗೇಕೆ ಮಾಡಿತು ಎಂದರೆ, ಅಂಥ ವಿಕಾರ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಆದ್ದರಿಂದ ಅದಕ್ಕೆ ಉತ್ತರ ಬರೆದವರೂ ಇಲ್ಲವೆನ್ನುವಷ್ಟು ಕಡಿಮೆ. ಆ ಪದಗಳೆಲ್ಲ ಹೊಂದಿಕೊಳ್ಳುವ ಪುಟ ಸಿಕ್ಕಿದ್ದೇ ಅದೊಂದು. ಯಂತ್ರಕ್ಕೆ ಪದ ಹೊಂದಿದರೆ ಸಾಕು. ಪ್ರಶ್ನೆಯೇ ತಪ್ಪು ಎಂದು ಹೇಳುವ ವಿವೇಕ ಅದಕ್ಕಿರಲಿಲ್ಲ.

ಆ ಚೌಕ ಕುರೂಪ ಎಂದ ಭಾಷೆ ಎಷ್ಟು ಹಳೆಯದು ನೋಡಿ. ಬೆಂಗಳೂರಿನ ಉತ್ತರ ಭಾಗದಲ್ಲಿ, ಹೆಬ್ಬಾಳದಲ್ಲಿ, 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು. ಕಿತ್ತಯ್ಯ ಎಂಬ ವೀರನ ಕಲ್ಲು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು, ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸಾವಿರದ ಇನ್ನೂರೈವತ್ತು ವರ್ಷಗಳಿಂದ ಕಲ್ಲಿನ ಮೇಲೆ ನಿಂತಿರುವ ಅಕ್ಷರಗಳ ಬಗ್ಗೆ ಅರೆಕ್ಷಣದಲ್ಲಿ ಹುಟ್ಟಿದ ಒಂದು ಚೌಕ ಏನು ಹೇಳಿದರೂ ಅದನ್ನು ‘ಗೂಗಲ್ ಹೇಳಿತು’ ಎಂದು ನಾವು ತಿಳಿದೆವು. ಇವತ್ತಿಗೂ ನಮ್ಮ ಮನೆಗಳಲ್ಲಿ ಆಡುವ ಮಾತು ಅದೇ: ಗೂಗಲ್‌ನಲ್ಲಿ ಬಂತು, ಗೂಗಲ್ ಹೇಳ್ತು. ಆ ಪುಟದಲ್ಲಿ ಮಾತಾಡುವವರು ಒಬ್ಬರಲ್ಲ. ಒಂದು ಕಡೆ ದುಡ್ಡು ಕೊಟ್ಟವರು, ಒಂದು ಕಡೆ ಅಂಗಡಿಯವರು, ಇನ್ನೊಂದು ಕಡೆ ವಿಕಿಪೀಡಿಯ ಬರೆಯುವ ಸ್ವಯಂಸೇವಕರು, ಮತ್ತೊಂದು ಕಡೆ ಹತ್ತು ಪುಟ ಓದಿ ತಾನೇ ವಾಕ್ಯ ಕಟ್ಟುವ ಯಂತ್ರ. ಇವರೆಲ್ಲ ಒಂದೇ ಬಣ್ಣದ ಬಟ್ಟೆ ತೊಟ್ಟು, ಒಂದೇ ಅಳತೆಯ ಅಕ್ಷರದಲ್ಲಿ ನಮ್ಮ ಮುಂದೆ ನಿಲ್ಲುತ್ತಾರೆ. ಅವರನ್ನು ಬೇರೆಬೇರೆಯಾಗಿ ಗುರುತಿಸುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ಈ ಪುಟ ಹೀಗಿರಲಿಲ್ಲ. ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಗೂಗಲ್ ಕಟ್ಟಿದಾಗ ಅದರಲ್ಲಿ ಬರುತ್ತಿದ್ದುದು ಹತ್ತು ನೀಲಿ ಸಾಲುಗಳು, ಅಷ್ಟೇ. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು ಲಿಂಕ್ ಕೊಟ್ಟಿವೆ, ಲಿಂಕ್ ಕೊಟ್ಟವರ ಯೋಗ್ಯತೆ ಎಂಥದು ಎಂದು ಲೆಕ್ಕ ಹಾಕಿ ಮೇಲೆ ಕೆಳಗೆ ಜೋಡಿಸುವುದು ಅವರ ಹೊಸ ಉಪಾಯವಾಗಿತ್ತು. 2000ದ ಅಕ್ಟೋಬರಿನಲ್ಲಿ ಜಾಹೀರಾತು ಬಂತು. 2007ರಲ್ಲಿ ಚಿತ್ರ, ವಿಡಿಯೊ, ಸುದ್ದಿ, ನಕ್ಷೆ ಎಲ್ಲವೂ ಒಂದೇ ಪುಟಕ್ಕೆ ಬಂದು ಸೇರಿದವು. 2012ರಲ್ಲಿ ವ್ಯಕ್ತಿ ಮತ್ತು ಊರುಗಳ ಪರಿಚಯದ ಚೌಕ, 2014ರ ಸುಮಾರಿಗೆ ನಾನು ಆಗಲೇ ಹೇಳಿದ ಉತ್ತರದ ಚೌಕ, 2024ರಲ್ಲಿ ಎಐ ಓವರ್‌ವ್ಯೂ. ಹೀಗೆ ಮೇಲಿನಿಂದ ಒಂದೊಂದೇ ಅಂತಸ್ತು ಏರುತ್ತಾ ಹೋಗಿ, ಆ ಹಳೆಯ ನೀಲಿ ಸಾಲುಗಳು ಕೆಳಕ್ಕೆ ಕೆಳಕ್ಕೆ ಇಳಿದಿವೆ. ಮೊಬೈಲಿನಲ್ಲಿ ಅವನ್ನು ಕಾಣಬೇಕಾದರೆ ಎರಡು ಮೂರು ಸಲ ಬೆರಳಿನಿಂದ ಪುಟ ಸರಿಸಬೇಕು.

ಯಾವುದನ್ನು ಎಲ್ಲಿಡುವುದು ಎಂಬುದು ಸಣ್ಣ ವಿಷಯವಲ್ಲ. ನಮ್ಮ ದೇಶದಲ್ಲೇ ಇದರ ಮೇಲೆ ದೂರು ನಡೆದಿದೆ. ಒಂದು ವಿವಾಹ ಸಂಬಂಧದ ಜಾಲತಾಣ ಮತ್ತು ಕಟ್ಸ್ ಎಂಬ ಗ್ರಾಹಕ ಸಂಸ್ಥೆ 2012ರಲ್ಲಿ ಕೊಟ್ಟ ದೂರುಗಳನ್ನು ವಿಚಾರಿಸಿದ ಭಾರತೀಯ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ ಗೂಗಲ್‌ಗೆ 135 ಕೋಟಿ 86 ಲಕ್ಷ ರೂಪಾಯಿ ದಂಡ ವಿಧಿಸಿತು. ಆ ಆದೇಶದಲ್ಲಿ ಒಂದು ಸಂಗತಿ ಇದೆ. 2010ರವರೆಗೆ ಚಿತ್ರ, ಸುದ್ದಿಗಳಂಥ ವಿಶೇಷ ಫಲಿತಾಂಶಗಳನ್ನು ಅವುಗಳ ಯೋಗ್ಯತೆ ನೋಡಿ ಜೋಡಿಸುತ್ತಿರಲಿಲ್ಲ. ಒಂದನೆಯ, ನಾಲ್ಕನೆಯ ಅಥವಾ ಹತ್ತನೆಯ ಜಾಗ ಅವಕ್ಕೆ ಮೊದಲೇ ಗೊತ್ತಾಗಿತ್ತು. ವಿಮಾನ ಪ್ರಯಾಣ ಹುಡುಕಿದವರಿಗೆ ತನ್ನದೇ ವಿಮಾನದ ಚೌಕವನ್ನು ಎದ್ದು ಕಾಣುವಂತೆ ಇಟ್ಟದ್ದನ್ನೂ ಆಯೋಗ ತಪ್ಪೆಂದಿತು. ಪ್ರಕರಣ ಮೇಲ್ಮನವಿಗೆ ಹೋಯಿತು, ಆ ವಿಚಾರ ಬೇರೆ. ಮೇಲಿರುವುದೆಲ್ಲ ಮೇಲಾದುದಲ್ಲ ಎಂಬ ಮಾತಿಗೆ ಸರ್ಕಾರಿ ದಾಖಲೆಯ ಬಲ ಬಂತು ಎಂಬುದು ನನಗೆ ಮುಖ್ಯ.

ಇದು ದಿನನಿತ್ಯ ಹೇಗೆ ಎಡವಿಸುತ್ತದೆ ನೋಡಿ. ಬೆಂಗಳೂರಿನ ಯಲಹಂಕದಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ರೈಲ್ವೆಯ ವೀಲ್ ಅಂಡ್ ಆ್ಯಕ್ಸಲ್ ಪ್ಲಾಂಟ್‌ನಲ್ಲಿ ದುಡಿದು ನಿವೃತ್ತರಾದವರು. ಐವತ್ತೈದು ದಾಟಿದವರು ಡ್ರೈವಿಂಗ್ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಲ್ಲ, ಅದಕ್ಕಾಗಿ ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಡಿಎಲ್ ರಿನ್ಯೂವಲ್ ಯಲಹಂಕ ಎಂದು ತಾವೇ ಟೈಪ್ ಮಾಡಿ, ಮೊದಲು ಕಂಡ ಸಾಲಿನ ಮೇಲೆ ಬೆರಳಿಡಲು ಹೊರಟರು.

“ಸ್ವಲ್ಪ ತಾಳಿ ಅಂಕಲ್, ಅದು ಯಾರದು ಅಂತ ನೋಡೋಣ” ಅಂದೆ.

“ಮೊದಲನೇದೇ ಸರಿ ಇರುತ್ತಲ್ಲವೇನಮ್ಮ? ಅದಕ್ಕೇ ತಾನೆ ಮೇಲಿಟ್ಟಿರೋದು?”

“ಅದರ ತಲೆ ಮೇಲೆ ಸಣ್ಣಕ್ಷರದಲ್ಲಿ ಏನಿದೆ ಓದಿ ಅಂಕಲ್.”

ಕನ್ನಡಕ ಸರಿಮಾಡಿಕೊಂಡು ಓದಿದರು. ‘ಪ್ರಾಯೋಜಿತ’ ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ ಆರ್‌ಟಿಒ ಎಂಬ ಪದವಿತ್ತು, ಆನ್‌ಲೈನ್ ಅರ್ಜಿ ಎಂಬ ಮಾತಿತ್ತು, ಸರ್ಕಾರದ್ದೇ ಇರಬೇಕು ಅನ್ನಿಸುವಂಥ ಹೆಸರಿತ್ತು. ವಿಳಾಸದ ಕೊನೆ ಮಾತ್ರ ಡಾಟ್ ಕಾಮ್. ಇಬ್ಬರೂ ಪುಟವನ್ನು ಮೆಲ್ಲಗೆ ಕೆಳಗೆ ಸರಿಸುತ್ತಾ ಹೋದೆವು. ಜಾಹೀರಾತುಗಳ ಗುಂಪು ಮುಗಿಯಿತು. ನಕ್ಷೆ ಬಂತು, ಅದರಲ್ಲಿ ಯಲಹಂಕದ ಆರ್‌ಟಿಒ ಕಚೇರಿಯ ಜೊತೆಗೆ ಡ್ರೈವಿಂಗ್ ಶಾಲೆಗಳ ಹೆಸರು. ಆಮೇಲೆ ಜನ ಕೇಳುವ ಇತರ ಪ್ರಶ್ನೆಗಳ ಸಾಲು. ಅದಾದ ಮೇಲೆ ಬಂತು ನಮಗೆ ಬೇಕಾದ ವಿಳಾಸ: ಸಾರಥಿ ಡಾಟ್ ಪರಿವಾಹನ್ ಡಾಟ್ ಜಿಒವಿ ಡಾಟ್ ಇನ್. ಹಿರಿಯರು ಅದನ್ನು ಎರಡು ಸಲ ಬಾಯಿಬಿಟ್ಟು ಓದಿದರು. “ಇಷ್ಟು ಕೆಳಗಿಟ್ಟರೆ ಯಾರಿಗೆ ಕಾಣುತ್ತೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

‘ಪ್ರಾಯೋಜಿತ’ ಎಂಬ ಆ ಸಣ್ಣ ಗುರುತಿಗೂ ಒಂದು ಚರಿತ್ರೆಯಿದೆ. ಮೊದಲ ವರ್ಷಗಳಲ್ಲಿ ಜಾಹೀರಾತಿನ ಹಿಂದೆ ಬಣ್ಣದ ಹಿನ್ನೆಲೆ ಇರುತ್ತಿತ್ತು, ದೂರದಿಂದಲೇ ಗೊತ್ತಾಗುತ್ತಿತ್ತು. 2013ರಲ್ಲಿ ಆ ಹಿನ್ನೆಲೆ ಹೋಗಿ ಪುಟ್ಟ ಹಳದಿ ಚೀಟಿ ಬಂತು. 2016ರಲ್ಲಿ ಚೀಟಿ ಹಸಿರಾಯಿತು, ವಿಳಾಸದ ಅಕ್ಷರಗಳೂ ಹಸಿರಾದ್ದರಿಂದ ಎರಡೂ ಕಲೆತುಹೋದವು. ಮರುವರ್ಷ ಚೀಟಿಯ ಹಸಿರು ಹಿನ್ನೆಲೆ ಹೋಗಿ ಅಂಚು ಮಾತ್ರ ಉಳಿಯಿತು. 2020ರ ಹೊತ್ತಿಗೆ ಕಪ್ಪಕ್ಷರ. 2022ರಲ್ಲಿ ಪ್ರಾಯೋಜಿತ ಎಂಬ ಹೆಸರು. 2025ರಲ್ಲಿ ಜಾಹೀರಾತುಗಳನ್ನು ಒಟ್ಟುಗೂಡಿಸಿ ಮೇಲೆ ಒಂದೇ ತಲೆಬರಹ ಹಾಕುವ, ಬೇಡವಾದರೆ ಮಡಚಿಡುವ ಏರ್ಪಾಡು ಬಂದಿದೆ. ಇದು ಒಳ್ಳೆಯ ಹೆಜ್ಜೆ. ಆದರೆ ಹತ್ತು ವರ್ಷಗಳ ಆ ಮಂಕಾಗುವಿಕೆ ನಮ್ಮ ಕಣ್ಣಿಗೆ ಕಲಿಸಿದ ಅಭ್ಯಾಸ ಸುಲಭವಾಗಿ ಹೋಗುವುದಿಲ್ಲ. ನಮ್ಮ ದಿನಪತ್ರಿಕೆಗಳಲ್ಲಿ ಸುದ್ದಿಯಂತೆ ಕಾಣುವ ಜಾಹೀರಾತಿನ ಮೂಲೆಯಲ್ಲಿ ‘ಜಾಹೀರಾತು’ ಎಂದು ಅಚ್ಚುಹಾಕಿರುತ್ತಾರೆ. ಆ ಮೂಲೆಯನ್ನು ನೋಡುವ ಅಭ್ಯಾಸ ಪತ್ರಿಕೆ ಓದುವವರಿಗೆ ಇದೆ. ಅದನ್ನೇ ಮೊಬೈಲಿಗೂ ತರಬೇಕು.

ಜಾಹೀರಾತೆಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಆರ್.ಟಿ. ನಗರದಲ್ಲಿ ಸೋಫಾ ರಿಪೇರಿ ಮಾಡುವವರು ಬೇಕೆಂದು ಹುಡುಕಿದರೆ ಜಾಹೀರಾತು ಕೊಟ್ಟವರು ಪ್ರಾಮಾಣಿಕ ಕೆಲಸಗಾರರೇ ಇರಬಹುದು. ಕೊಳ್ಳುವ ವಸ್ತುವಿಗೆ ಜಾಹೀರಾತು ನೋಡಿ, ತೊಂದರೆಯಿಲ್ಲ. ಸರ್ಕಾರಿ ಕೆಲಸ, ಬ್ಯಾಂಕಿನ ಕೆಲಸ, ಆಸ್ಪತ್ರೆಯ ಕೆಲಸಕ್ಕೆ ಮಾತ್ರ ಅದನ್ನು ದಾಟಿ ಕೆಳಗೆ ಹೋಗಿ. 2023ರ ಆಗಸ್ಟ್‌ನಲ್ಲಿ ನಮ್ಮ ಸಾರಿಗೆ ಇಲಾಖೆ, 2019ರ ಏಪ್ರಿಲ್ 1ಕ್ಕಿಂತ ಮುಂಚೆ ನೋಂದಣಿಯಾದ ವಾಹನಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಎಂಬ ಅತಿ ಸುರಕ್ಷತೆಯ ನಂಬರ್ ಪ್ಲೇಟ್ ಕಡ್ಡಾಯ ಮಾಡಿದಾಗ ಏನಾಯಿತು ನೆನಪಿಸಿಕೊಳ್ಳಿ. ರಾಜ್ಯದ ಲಕ್ಷಾಂತರ ಜನ ಒಂದೇ ಪದವನ್ನು ಹುಡುಕತೊಡಗಿದರು. ಅದನ್ನು ನೋಡಿಕೊಂಡೇ ನಕಲಿ ಜಾಲತಾಣಗಳು ಹುಟ್ಟಿದವು. ತನ್ನ ಜಾಲತಾಣ ಇಲ್ಲವೇ ವಾಹನ ತಯಾರಕರ ಸಂಘವಾದ ಸಿಯಾಮ್‌ನ ಜಾಲತಾಣದ ಮೂಲಕ ಮಾತ್ರ ಬುಕ್ ಮಾಡಿ ಎಂದು ಇಲಾಖೆ ಎಚ್ಚರಿಸಬೇಕಾಯಿತು.

ವಿಳಾಸ ಓದುವ ಕ್ರಮ ಒಂದಿದೆ, ಅದನ್ನು ಮಕ್ಕಳಿಂದ ಅಜ್ಜಿಯವರೆಗೆ ಎಲ್ಲರೂ ಕಲಿಯಬಹುದು. ಆರಂಭದ ಎಚ್‌ಟಿಟಿಪಿಎಸ್ ಮತ್ತು ಅದರ ಜೋಡಿ ಓರೆಗೆರೆ ಬಿಟ್ಟು, ಆಮೇಲಿನ ಮೊದಲ ಓರೆಗೆರೆಯವರೆಗಿನ ಭಾಗವನ್ನು ತೆಗೆದುಕೊಂಡು ಬಲದಿಂದ ಎಡಕ್ಕೆ ಓದಿ. ಜಿಒವಿ ಡಾಟ್ ಇನ್ ಎಂದು ಮುಗಿದರೆ ಅದು ಸರ್ಕಾರದ್ದು, ಆ ಹೆಸರನ್ನು ಖಾಸಗಿಯವರಿಗೆ ಕೊಡುವುದಿಲ್ಲ. ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಎಂದಿದ್ದರೆ ನಮ್ಮ ರಾಜ್ಯ ಸರ್ಕಾರದ್ದು. ಪಾಸ್‌ಪೋರ್ಟ್‌ಗೆ ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಜಿಒವಿ ಡಾಟ್ ಇನ್. ಅದನ್ನು ಹೋಲುವ ಡಾಟ್ ಕಾಮ್, ಡಾಟ್ ಆರ್ಗ್ ಜಾಲತಾಣಗಳ ಬಗ್ಗೆ ವಿದೇಶಾಂಗ ಸಚಿವಾಲಯವೇ ಎಚ್ಚರಿಕೆ ಕೊಟ್ಟಿದೆ. ಸರ್ಕಾರ ಒಪ್ಪಿದ ಎಲ್ಲ ತಾಣವೂ ಜಿಒವಿ ಡಾಟ್ ಇನ್ ಆಗಿರುವುದಿಲ್ಲ, ಸಿಯಾಮ್ ಉದಾಹರಣೆ ಈಗಷ್ಟೇ ಹೇಳಿದೆ. ಅಂಥ ಕಡೆ ಮೊದಲು ಇಲಾಖೆಯ ಪುಟಕ್ಕೆ ಹೋಗಿ, ಅಲ್ಲಿ ಕೊಟ್ಟಿರುವ ಲಿಂಕಿನಿಂದಲೇ ಮುಂದಕ್ಕೆ ಹೋಗಬೇಕು.

ಇನ್ನು ನಕ್ಷೆಯ ಚೌಕ. ಆರ್.ಟಿ. ನಗರದಲ್ಲಿ ನಿಂತು ಕಣ್ಣಿನ ಆಸ್ಪತ್ರೆ ಎಂದು ಹುಡುಕಿದರೆ ಒಂದು ಪುಟ್ಟ ನಕ್ಷೆ, ಕೆಳಗೆ ಮೂರು ಹೆಸರು, ನಕ್ಷತ್ರಗಳು, ಫೋನ್ ಗುರುತು. ಮೂರೇ ಏಕೆ? 2015ರವರೆಗೆ ಏಳು ಬರುತ್ತಿದ್ದವು, ಆಮೇಲೆ ಮೂರಕ್ಕಿಳಿಸಿದರು. ಉಳಿದವರು ‘ಇನ್ನಷ್ಟು’ ಎಂಬುದರ ಹಿಂದೆ ಇದ್ದಾರೆ. ಈ ಮೂವರು ಊರಿನ ಉತ್ತಮ ವೈದ್ಯರೆಂದು ಅರ್ಥವಲ್ಲ. ನೀವು ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ನೀವಿರುವ ಜಾಗದಿಂದ ಎಷ್ಟು ದೂರ, ಜಾಲದಲ್ಲಿ ಎಷ್ಟು ಹೆಸರಿದೆ ಎಂಬ ಮೂರು ಅಂಶ ನೋಡುತ್ತೇವೆ ಎಂದು ಗೂಗಲ್ಲೇ ಹೇಳುತ್ತದೆ. ಅದೇ ಪ್ರಶ್ನೆಯನ್ನು ಹೆಬ್ಬಾಳದ ಫ್ಲೈಓವರ್ ದಾಟಿ ಕೇಳಿದರೆ ಬೇರೆ ಮೂವರು ಬರುತ್ತಾರೆ. ಇಲ್ಲಿಯೂ ದುಡ್ಡು ಕೊಟ್ಟವರ ಹೆಸರು ನುಸುಳಬಹುದು, ಪ್ರಾಯೋಜಿತ ಎಂಬ ಗುರುತನ್ನು ಇಲ್ಲೂ ಹುಡುಕಿ.

ಈ ಚೌಕದಲ್ಲಿ ನನಗೆ ಬಹಳ ಆತಂಕ ತರುವುದು ಫೋನ್ ನಂಬರ್. ನಕ್ಷೆಯಲ್ಲಿರುವ ವಿವರವನ್ನು ತಿದ್ದಲು ಯಾರು ಬೇಕಾದರೂ ಸಲಹೆ ಕಳಿಸಬಹುದು. ಅಂಗಡಿ ಬಾಗಿಲು ಹಾಕಿದೆ, ರಸ್ತೆ ಬದಲಾಗಿದೆ ಎಂದು ಜನ ತಿಳಿಸಲಿ ಎಂಬ ಒಳ್ಳೆಯ ಉದ್ದೇಶದ ಏರ್ಪಾಡು ಅದು. 2018ರಲ್ಲಿ ಮಹಾರಾಷ್ಟ್ರದಲ್ಲಿ ವಂಚಕರು ಅದನ್ನೇ ಬಳಸಿ ಬ್ಯಾಂಕಿನ ಶಾಖೆಗಳ ಎದುರಿಗೆ ತಮ್ಮ ನಂಬರ್ ಬರುವಂತೆ ತಿದ್ದಿದರು. ಗ್ರಾಹಕರು ತಾವಾಗಿಯೇ ಕಳ್ಳರಿಗೆ ಫೋನ್ ಮಾಡಿ, ಕಾರ್ಡಿನ ಸಂಖ್ಯೆ, ಒಟಿಪಿ ಎಲ್ಲ ಒಪ್ಪಿಸಿದರು. ಬ್ಯಾಂಕಿನವರು ನಮಗೆ ಫೋನ್ ಮಾಡಿ ಒಟಿಪಿ ಕೇಳಿದರೆ ಕೊಡಬಾರದು ಎಂದು ಈಗ ಬಹಳ ಜನ ಕಲಿತಿದ್ದಾರೆ. ನಾವೇ ಹುಡುಕಿ ಫೋನ್ ಮಾಡಿದಾಗ ಅನುಮಾನ ಹುಟ್ಟುವುದಿಲ್ಲ, ಅಪಾಯ ಇರುವುದು ಅಲ್ಲೇ. ಕಸ್ಟಮರ್ ಕೇರ್ ಎಂದು ಹುಡುಕಿ ಸಿಕ್ಕ ನಂಬರಿಗೆ ಕರೆ ಮಾಡಿ ಹಣ ಕಳೆದುಕೊಂಡವರ ದೂರುಗಳು ನಮ್ಮ ನಗರದ ಪೊಲೀಸ್ ಠಾಣೆಗಳಿಗೆ ಬರುತ್ತಲೇ ಇವೆ.

ಆದ್ದರಿಂದ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಹಣಕ್ಕೆ ಸಂಬಂಧಪಟ್ಟ ಫೋನ್ ನಂಬರನ್ನು ಹುಡುಕಾಟದ ಪುಟದಿಂದ ತೆಗೆದುಕೊಳ್ಳಬೇಡಿ. ಬ್ಯಾಂಕಿನ ನಂಬರ್ ನಿಮ್ಮ ಎಟಿಎಂ ಕಾರ್ಡಿನ ಹಿಂಭಾಗದಲ್ಲಿದೆ, ಪಾಸ್‌ಬುಕ್‌ನಲ್ಲಿದೆ. ವಿದ್ಯುತ್ ಕಂಪನಿ ಬೆಸ್ಕಾಂ 1912, ರೈಲ್ವೆ ವಿಚಾರಣೆ 139. ಯಶವಂತಪುರದಿಂದ ರೈಲು ಹಿಡಿಯುವವರು ರದ್ದಾದ ಟಿಕೆಟಿನ ಹಣ ವಾಪಸ್ ಬರಲಿಲ್ಲವೆಂದು ಅವಸರದಲ್ಲಿ ಹುಡುಕಿ ಸಿಕ್ಕವರಿಗೆ ಫೋನ್ ಮಾಡುವುದಕ್ಕಿಂತ, ಟಿಕೆಟ್ ಬುಕ್ ಮಾಡಿದ ಆ್ಯಪ್‌ನ ಒಳಗೇ ಇರುವ ದೂರಿನ ಜಾಗಕ್ಕೆ ಹೋಗುವುದು ಲೇಸು.

ಯಶವಂತಪುರ ಅಂದಾಗ ಹೇಳುತ್ತೇನೆ, ಆ ಒಂದು ಊರನ್ನು ಇಂಗ್ಲಿಷಿನಲ್ಲಿ ರೈಲ್ವೆಯವರು ಒಂದು ರೀತಿ ಬರೆಯುತ್ತಾರೆ, ಮೆಟ್ರೋದವರು ಇನ್ನೊಂದು ರೀತಿ. ಯಂತ್ರ ಇವನ್ನೆಲ್ಲ ಒಂದೆಂದು ಬಹುಮಟ್ಟಿಗೆ ಕಂಡುಕೊಳ್ಳುತ್ತದೆ. ಆದರೆ ಎರಡು ಬೇರೆ ಊರುಗಳಿಗೆ ಒಂದೇ ಹೆಸರಿದ್ದರೆ ಎಡವುತ್ತದೆ. ಹೆಬ್ಬಾಳ ಕೆರೆ ಎಂದು ಹುಡುಕಿ ನೋಡಿ. ಬೆಂಗಳೂರಿನ ಹೆಬ್ಬಾಳ ಒಂದು. ಮೈಸೂರಿನಲ್ಲೂ ಒಂದು ಹೆಬ್ಬಾಳವಿದೆ, ಅಲ್ಲೂ ಕೆರೆಯಿದೆ, ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಪುನಶ್ಚೇತನಗೊಂಡ ಕೆರೆ ಅದು. ಒಂದರ ಸುದ್ದಿ, ಇನ್ನೊಂದರ ಚಿತ್ರ, ವಿಸ್ತೀರ್ಣ ಬೆರೆತು ಬಂದರೆ, ಶಾಲೆಯ ಪ್ರಾಜೆಕ್ಟಿಗೆಂದು ಬರೆದುಕೊಳ್ಳುವ ಮಗುವಿಗೆ ಗೊತ್ತಾಗುವುದು ಹೇಗೆ? ಹುಡುಕುವಾಗ ಊರಿನ ಜೊತೆ ಜಿಲ್ಲೆಯ ಹೆಸರನ್ನೂ ಸೇರಿಸುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ. ಇಂಥ ಊರುಗಳ ವಿವರ ಕೊಡುವ ಪರಿಚಯದ ಚೌಕ, ಅಂದರೆ ಕಂಪ್ಯೂಟರಿನಲ್ಲಿ ಬಲಗಡೆಗೆ, ಮೊಬೈಲಿನಲ್ಲಿ ಮೇಲುಗಡೆಗೆ ಫೋಟೊ ಸಮೇತ ಬರುವ ವಿವರ, ಹೆಚ್ಚಾಗಿ ವಿಕಿಪೀಡಿಯದಂಥ ಆಕರಗಳಿಂದ ಬಂದದ್ದು. ಸಾಮಾನ್ಯವಾಗಿ ನಂಬಬಹುದು. ಕೆಳಗೆ ಆಕರದ ಹೆಸರಿರುತ್ತದೆ, ಅದನ್ನು ಒತ್ತಿ ಮೂಲ ಲೇಖನಕ್ಕೆ ಹೋದರೆ ಇನ್ನೂ ಒಳ್ಳೆಯದು.

ಜನ ಇದನ್ನೂ ಕೇಳುತ್ತಾರೆ ಎಂದು ಬರುವ ಪ್ರಶ್ನೆಗಳ ಸಾಲಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದನ್ನು ಒತ್ತಿದರೆ ಕೆಳಗೆ ಇನ್ನೂ ನಾಲ್ಕು ಹುಟ್ಟುತ್ತವೆ, ನೀವು ಬಂದ ಕೆಲಸ ಮರೆತುಹೋಗುತ್ತದೆ. ವಿಡಿಯೊಗಳದೂ ಅಷ್ಟೇ.

ಈಗ ಎಲ್ಲಕ್ಕಿಂತ ಮೇಲೆ ಬಂದು ಕುಳಿತಿರುವುದು ಎಐ ಓವರ್‌ವ್ಯೂ. ಅಮೆರಿಕದಲ್ಲಿ 2024ರ ಮೇ ತಿಂಗಳಲ್ಲಿ, ನಮ್ಮಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲಿ ಬಂತು. ಉತ್ತರದ ಚೌಕ ಒಬ್ಬರ ಮಾತನ್ನು ಇದ್ದ ಹಾಗೆಯೇ ಕಿತ್ತು ತರುತ್ತಿತ್ತು. ಇದು ಹಾಗಲ್ಲ, ಹಲವು ಪುಟ ಓದಿ, ತನ್ನದೇ ವಾಕ್ಯ ಕಟ್ಟಿ ಹೇಳುತ್ತದೆ. ಭಾಷೆ ನಯವಾಗಿರುತ್ತದೆ, ಅನುಮಾನದ ಸುಳಿವಿರುವುದಿಲ್ಲ. ಬಂದ ಹೊಸತರಲ್ಲೇ, ಪಿಜ್ಜಾದ ಮೇಲಿನ ಚೀಸ್ ಜಾರದಿರಲು ಅಂಟು ಬೆರೆಸಿ ಎಂದು ಹೇಳಿ ಲೋಕದ ಗಮನ ಸೆಳೆದಿತ್ತು. ಯಾರೋ ವರ್ಷಗಳ ಹಿಂದೆ ತಮಾಷೆಗೆ ಬರೆದದ್ದನ್ನು ಯಂತ್ರ ನಿಜವೆಂದು ಎತ್ತಿಕೊಂಡಿತ್ತು. ಗೂಗಲ್ ಅಂಥವನ್ನು ಸರಿಪಡಿಸಿದೆ, ದಿನದಿಂದ ದಿನಕ್ಕೆ ಇದು ಉತ್ತಮವಾಗುತ್ತಿದೆ, ನಿಜ. ಒಂದು ವಿಷಯದ ಮೊದಲ ಪರಿಚಯಕ್ಕೆ ಇದು ಉಪಯುಕ್ತವೆಂದು ನಾನೂ ಒಪ್ಪುತ್ತೇನೆ. ಔಷಧಿಯ ಪ್ರಮಾಣಕ್ಕೆ, ಕಾನೂನಿನ ಗಡುವಿಗೆ, ಫೋನ್ ನಂಬರಿಗೆ ಇದನ್ನು ನೆಚ್ಚಬೇಡಿ.

ಹುಡುಕಾಟದ ಪುಟದ ಇನ್ನೊಂದು ತೊಡಕು ಕಾಲದ್ದು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಕೃಷಿ ವಿಶ್ವವಿದ್ಯಾಲಯ ವರ್ಷ ವರ್ಷವೂ ನಡೆಸುವ ಕೃಷಿ ಮೇಳ ಇದೆಯಲ್ಲ, ದೂರದ ಜಿಲ್ಲೆಗಳಿಂದ ರೈತರು ಬರುತ್ತಾರೆ. ಮೇಳದ ದಿನಾಂಕ ಹುಡುಕಿದರೆ ಈ ವರ್ಷದ್ದು, ಹೋದ ವರ್ಷದ್ದು, ಅದರ ಹಿಂದಿನದು ಎಲ್ಲವೂ ಒಟ್ಟಿಗೆ ಬರುತ್ತವೆ. ಹಲವು ಫಲಿತಾಂಶಗಳ ಪಕ್ಕದಲ್ಲಿ ಸಣ್ಣದಾಗಿ ತಾರೀಖು ಇರುತ್ತದೆ, ಬಸ್ಸು ಹತ್ತುವ ಮೊದಲು ಅದನ್ನು ನೋಡಿ, ಆಮೇಲೆ ವಿಶ್ವವಿದ್ಯಾಲಯದ ಪುಟವನ್ನೇ ತೆರೆದು ನೋಡಿ. ಇನ್ನೊಂದು ಉದಾಹರಣೆ: 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾದವು. ಯಲಹಂಕದವರು ಈಗ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದವರು. ಆದರೆ ಖಾತೆ, ಕಂದಾಯ ಎಂದು ಹುಡುಕಿದರೆ ಬಿಬಿಎಂಪಿ ಯಲಹಂಕ ವಲಯ ಎಂದಿರುವ ಹಳೆಯ ಪುಟಗಳು ಸಾಲುಗಟ್ಟಿ ಬರುತ್ತವೆ. ಕಚೇರಿ ಬದಲಾದಷ್ಟು ಬೇಗ ಜಾಲದ ನೆನಪು ಬದಲಾಗುವುದಿಲ್ಲ.

ಹಾಗಾದರೆ ಆ ಹಳೆಯ ನೀಲಿ ಸಾಲುಗಳು? ನನ್ನ ಮಟ್ಟಿಗೆ ಇವತ್ತಿಗೂ ಆ ಪುಟದ ಜೀವಾಳ ಅವೇ. ದುಡ್ಡು ಕೊಟ್ಟು ಅಲ್ಲಿಗೆ ಬರಲಾಗುವುದಿಲ್ಲ. ಅಂದಮಾತ್ರಕ್ಕೆ ಅವು ಪವಿತ್ರವೇನಲ್ಲ. ಮೇಲೇರುವುದು ಹೇಗೆಂದು ಹೇಳಿಕೊಡುವ ಉದ್ಯಮವೇ ಬೆಳೆದಿದೆ, ಅದಕ್ಕಾಗಿಯೇ ಬರೆಸಿದ ಟೊಳ್ಳು ಲೇಖನಗಳು ತುಂಬಿವೆ. ಪ್ರತಿ ಸಾಲಿನ ಪಕ್ಕದಲ್ಲಿ ಮೂರು ಚುಕ್ಕಿಗಳಿರುತ್ತವೆ. ಬಹಳ ಜನ ಅದನ್ನು ಒತ್ತಿಯೇ ಇಲ್ಲ. ಒತ್ತಿದರೆ ಆ ಜಾಲತಾಣ ಯಾರದು, ಅದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ, ಗೂಗಲ್‌ಗೆ ಅದು ಯಾವ ಕಾಲದಿಂದ ಗೊತ್ತು ಎಂಬ ವಿವರ ಸಿಗುತ್ತದೆ. ಹೋದ ತಿಂಗಳು ಹುಟ್ಟಿದ ತಾಣವೊಂದು ಇಪ್ಪತ್ತು ವರ್ಷದ ಸೇವೆ ಎಂದು ಹೇಳಿಕೊಂಡಿದ್ದರೆ ಅಲ್ಲಿ ಬಯಲಾಗುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಭಾಷೆಯ ಕಡೆಗೆ ಬರಬೇಕು. ಒಂದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕೇಳಿದರೆ ಕನ್ನಡದ ಪುಟ ಬಡವಾಗಿ ಕಾಣುತ್ತದೆ. ಇದಕ್ಕೆ ಕಾರಣ ಯಂತ್ರವೊಂದೇ ಅಲ್ಲ. ನಮ್ಮ ಕಚೇರಿಗಳಲ್ಲಿ ವರ್ಷಗಟ್ಟಲೆ ಸುತ್ತೋಲೆ, ಆದೇಶಗಳನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದರು. ನಮ್ಮ ಕಣ್ಣಿಗೆ ಅದು ಕನ್ನಡ. ಯಂತ್ರದ ಕಣ್ಣಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇನ್ನು ಕೆಲವನ್ನು ಅಚ್ಚು ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಏರಿಸಿದರು. ಅದು ಬರಿಯ ಚಿತ್ರ. 2012ರಲ್ಲಿ ರಾಜ್ಯ ಸರ್ಕಾರ ಯೂನಿಕೋಡನ್ನು ಒಪ್ಪಿಕೊಂಡಿತಾದರೂ ಹಳೆಯ ರಾಶಿ ಹಾಗೇ ಉಳಿದಿದೆ. ಮಾಹಿತಿ ಇದೆ, ಹುಡುಕಿದರೆ ಸಿಗುವುದಿಲ್ಲ. ಸರ್ಕಾರದ ಆದೇಶ ಸಿಗದ ಆ ಖಾಲಿ ಜಾಗವನ್ನು ಅದರ ಬಗ್ಗೆ ಅರ್ಧಂಬರ್ಧ ಬರೆದ ಯಾವುದೋ ಪುಟ ತುಂಬುತ್ತದೆ. 2021ರಲ್ಲಿ ಕನ್ನಡದ ಮೇಲೆ ಬಂದ ಆ ಕೊಳಕು ಉತ್ತರವೂ ಇಂಥದೇ ಖಾಲಿ ಜಾಗದಲ್ಲಿ ಬೆಳೆದದ್ದು.

ಆ ಜಾಗವನ್ನು ತುಂಬುವ ಕೆಲಸ ನಡೆಯುತ್ತಲೂ ಇದೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಸಂಬಳವಿಲ್ಲದೆ ದುಡಿಯುವವರು ಕಟ್ಟಿದ್ದು. ಹೆಬ್ಬಾಳದ ಕಿತ್ತಯ್ಯನ ಕಲ್ಲೂ ಸೇರಿದಂತೆ ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸಿದ್ದಾರೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿದೆ. ಅಧ್ಯಾಪಕರು ತಮ್ಮ ವಿಷಯದ ಬಗ್ಗೆ, ವೈದ್ಯರು ಒಂದು ಕಾಯಿಲೆಯ ಬಗ್ಗೆ, ಊರಿನ ಹಿರಿಯರು ತಮ್ಮ ಕೆರೆಯ ಬಗ್ಗೆ ತಿಳಿದಷ್ಟನ್ನು ಯೂನಿಕೋಡ್ ಕನ್ನಡದಲ್ಲಿ, ತಮ್ಮ ಹೆಸರು ಮತ್ತು ತಾರೀಖು ಹಾಕಿ ಬರೆದಿಟ್ಟರೆ, ನಾಳೆ ಹುಡುಕುವವರಿಗೆ ಸಿಗುವುದು ಆ ಮಾತು. ಕಚೇರಿಗಳಲ್ಲಿ ಕೆಲಸ ಮಾಡುವ ಬಂಧುಗಳಲ್ಲಿ ನನ್ನದೊಂದು ಕೋರಿಕೆ: ಆದೇಶವನ್ನು ಸ್ಕ್ಯಾನ್ ಮಾಡಿ ಹಾಕುವಾಗ ಅದರ ಜೊತೆಗೆ ಟೈಪ್ ಮಾಡಿದ ಪಠ್ಯವನ್ನೂ ಹಾಕಿ.

ಕೇಳುಗರೇ, ಇವತ್ತು ಬಿಡುವಾದಾಗ ಮನೆಯ ಹಿರಿಯರನ್ನೋ ಮಕ್ಕಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಅವಸರವೂ ಇಲ್ಲದ ಒಂದು ಪ್ರಶ್ನೆಯನ್ನು ಹುಡುಕಿ. ಯಾವುದನ್ನೂ ಒತ್ತದೆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿ, ಪ್ರತಿ ಭಾಗದಲ್ಲೂ ಇದು ಯಾರ ಮಾತು ಎಂದು ಕೇಳಿಕೊಳ್ಳಿ. ಒಂದು ವೇಳೆ ನೀವಾಗಲಿ ನಿಮ್ಮವರಾಗಲಿ ಈಗಾಗಲೇ ಮೋಸಹೋಗಿ ಹಣ ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ತಡವನ್ನೂ ಮಾಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸಿದರೆ ಹಣವನ್ನು ವಂಚಕರ ಕೈಸೇರುವ ದಾರಿಯಲ್ಲೇ ತಡೆಯುವ ಅವಕಾಶ ಅಷ್ಟು ಹೆಚ್ಚು. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲೂ ದೂರು ಕೊಡಬಹುದು. 1930 ಎಂಬ ಈ ನಂಬರನ್ನು ಹುಡುಕಲು ಹೋಗಬೇಡಿ, ಈಗಲೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.